ಮೂಲವೂ ಪ್ರತಿಯೂ: ಹಾಸನ ಸೀಮೆಯ ದಾಖಲೆಗಳಲ್ಲಿ ಪ್ರತಿಯ ಪ್ರಾಮಾಣ್ಯವಿಚಾರ

೧

ಒಂದು ಬರೆಹವು ಒಂದೇ ಸ್ಥಳದಲ್ಲಿದ್ದು ಅದನ್ನು ಓದಬೇಕಾದವರು ಹಲವು ಸ್ಥಳಗಳಲ್ಲಿದ್ದರೆ ಪ್ರತಿಯು ಹುಟ್ಟುವುದು ಸಹಜ. ಆ ಪ್ರತಿಯಿಂದ ಮತ್ತೊಬ್ಬರು ಪ್ರತಿಮಾಡಿಕೊಳ್ಳುವುದೂ ಅಷ್ಟೇ ಸಹಜ. ಮೂಲವು ಬದಲಾಗದಿರುವವರೆಗೆ ಇದರಿಂದ ಯಾರಿಗೂ ಬಾಧೆಯಿಲ್ಲ. ಮೂಲದಲ್ಲಿ ಒಂದು ಪಂಕ್ತಿ ಸೇರಿತೆಂದಾಗಲಿ, ಒಂದು ಹೆಸರು ಹೊಡೆದುಹೋಯಿತೆಂದಾಗಲಿ ಆದ ಮರುಕ್ಷಣದಿಂದ ಪ್ರತಿಯು ಮೂಲಕ್ಕೆ ವಿರೋಧವಾಗಿ ನಿಲ್ಲುತ್ತದೆ. ಪ್ರತಿಯ ಪ್ರತಿಯಾದರೋ ವಿರೋಧವಿದೆಯೆಂಬುದನ್ನು ಅರಿಯುವ ದಾರಿಯನ್ನೇ ಕಳೆದುಕೊಳ್ಳುತ್ತದೆ. ಪ್ರಾಚ್ಯಗ್ರಂಥಗಳನ್ನು ಸಂಪಾದಿಸುವವರಿಗೆ ಈ ತೊಡಕು ಹೊಸದಲ್ಲ. ಆದರೆ ಇದು ಗ್ರಂಥಸಂಪಾದಕರದೊಂದೇ ಅಲ್ಲವೆಂದೂ, ಶಾಸನ ಹಾಕಿಸಿದ ಅರಸರು, ಲೆಕ್ಕ ಬರೆದ ಶಾನುಭೋಗರು, ಈ ಕಾಲದಲ್ಲಿ ಗಣಕಯಂತ್ರಗಳ ಜಾಲಗಳನ್ನು ಕಟ್ಟಿದ ಯಂತ್ರಶಾಸ್ತ್ರಜ್ಞರು, ಇವರೆಲ್ಲರೂ ಇದೇ ತೊಡಕನ್ನು ಎದುರಿಸಿ ತಮ್ಮ ತಮ್ಮ ರೀತಿಯಲ್ಲಿ ಪರಿಹಾರಗಳನ್ನು ಕಂಡುಕೊಂಡರೆಂದೂ ತೋರಿಸುವುದು ಈ ಲೇಖನದ ಉದ್ದೇಶ. ನಿದರ್ಶನಗಳನ್ನು ಮುಖ್ಯವಾಗಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಸೀಮೆಯಿಂದ ತೆಗೆದುಕೊಳ್ಳಲಾಗಿದೆ.

ವಿಷಯಪ್ರವೇಶಕ್ಕೆ ಒಂದು ಶಬ್ದವೇ ನೆರವಾಗುತ್ತದೆ. ಹಿಂದೆ ಕಡತವೆಂದರೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಕಾದಾಗ ಒರೆಸಿ ಮತ್ತೆ ಬರೆಯುತ್ತಿದ್ದರು. ಈಗ ಕಚೇರಿಗಳಲ್ಲಿ ಕಾಗದಗಳ ಕಟ್ಟಿಗೂ, ಗಣಕಯಂತ್ರದಲ್ಲಿ ಶೇಖರವಾದ ಬರೆಹಕ್ಕೂ ಕಡತವೆಂಬ ಹೆಸರೇ ರೂಢಿಯಾಗಿದೆ. ವಸ್ತುವು ಎರಡು ಬಾರಿ ಮಾರ್ಪಟ್ಟರೂ ಹೆಸರು ಉಳಿದಿದೆ. ಹೆಸರಿನೊಡನೆ ಆ ವಸ್ತುವಿನ ಗುಣವೂ ಉಳಿದಿದೆ. ಕಡತವು ತಿದ್ದಲು ತಕ್ಕುದು. ತಿದ್ದಲು ತಕ್ಕುದಾದ್ದರಿಂದಲೇ ಅದರ ಪ್ರತಿಗಳಲ್ಲಿ ವಿಶ್ವಾಸವಿಡುವುದು ಕಷ್ಟ.

೨

ಕಲ್ಲಿನ ಶಾಸನವು ತಿದ್ದಲಾಗದ ಬರೆಹವೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಆಚಂದ್ರಾರ್ಕಸ್ಥಾಯಿಯೆಂಬ ಮಾತು ಶಾಸನಗಳಲ್ಲಿಯೇ ಹೆಜ್ಜೆಹೆಜ್ಜೆಗೂ ಬರುತ್ತದೆ. ಆದರೂ ಶಾಸನದಲ್ಲಿ ಹೇಳಿದ ಕಟ್ಟಳೆಯು ಹಲವೆಡೆ ನಡೆಯಬೇಕಾಗಿದ್ದಾಗ ಒಂದು ಕಲ್ಲು ಸಾಲದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳ್ಗೊಳದಲ್ಲಿ ಭಂಡಾರಿ ಬಸದಿಯ ಬಳಿಯಿರುವ ಒಂದನೆಯ ಬುಕ್ಕರಾಯನ ಶಾಸನವು ಇದಕ್ಕೆ ಸುಪ್ರಸಿದ್ಧ ನಿದರ್ಶನ. ಶಕವರ್ಷ ೧೨೯೦ನೆಯ ಕೀಲಕ ಸಂವತ್ಸರದ, ಎಂದರೆ ಕ್ರಿ. ಶ. ೧೩೬೮ರ ಈ ಶಾಸನವು ಜೈನರಿಗೂ ಶ್ರೀವೈಷ್ಣವರಿಗೂ ಒದಗಿದ್ದ ವಿವಾದವನ್ನು ಬುಕ್ಕರಾಯನು ಪರಿಹರಿಸಿದ ಬಗೆಯನ್ನು ತಿಳಿಸುತ್ತದೆ. ಆನೆಯಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದೆಡೆಗಳ ಜೈನರು ರಾಯನಿಗೆ ಬಿನ್ನಹಮಾಡಿಕೊಂಡರು. ರಾಯನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದೂ, ಪಂಚಮಹಾವಾದ್ಯ ಕಲಶಗಳು ಜೈನದರ್ಶನಕ್ಕೆ ಪೂರ್ವಮರ್ಯಾದೆಯಂತೆ ಸಲ್ಲತಕ್ಕುವೆಂದೂ ವಿಧಿಸಿದನು.

ಪ್ರಕೃತ ವಿಚಾರಕ್ಕೆ ಮುಖ್ಯವಾದುದು ಇದರ ಮುಂದಿನ ಕಟ್ಟಳೆ. ರಾಜ್ಯದೊಳಗಿನ ಎಲ್ಲ ಬಸದಿಗಳಲ್ಲಿಯೂ ಈ ಮರ್ಯಾದೆಯ ಶಾಸನವನ್ನು ಶ್ರೀವೈಷ್ಣವರೇ ನೆಡಿಸಿ ಪಾಲಿಸಬೇಕೆಂದು ಅದರಲ್ಲಿ ಹೇಳಿದೆ. ಎಂದರೆ, ಒಂದು ಆಜ್ಞೆಗೆ ಹಲವು ಪ್ರತಿಗಳಿರಬೇಕೆಂಬುದು ಆಜ್ಞೆಯ ಒಳಗೇ ಅಡಕವಾಗಿದೆ. ಇದು ಬರಿಯ ಮಾತಾಗಿ ಉಳಿಯಲಿಲ್ಲ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಇದೇ ಕಟ್ಟಳೆಯನ್ನು ಹೇಳುವ ಮತ್ತೊಂದು ಕಲ್ಲು ದೊರೆತಿದೆ. ಅದು ೧೯೦೫ರಲ್ಲಿ ಪ್ರಕಟವಾದ ಬೆಂಗಳೂರು ಜಿಲ್ಲೆಯ ಶಾಸನಸಂಪುಟದಲ್ಲಿ ಅಚ್ಚಾಯಿತು. ಶಾಸನೋಕ್ತವಾದ ಕಲ್ಲೆಹವೇ ಈ ಕಲ್ಯವೆಂಬುದು ವಿದ್ವಾಂಸರ ಮತ. ಪ್ರತಿಯನ್ನು ನೆಡಿಸಿ ಕಾಯುವ ಹೊಣೆಯನ್ನು ಬಿನ್ನಹಮಾಡಿದ ಪಕ್ಷಕ್ಕೆ ಹೊರಿಸದೆ ಎದುರುಪಕ್ಷಕ್ಕೆ ಹೊರಿಸಿದುದು ಗಮನಾರ್ಹವಾದ ಸಂಗತಿ. ಪ್ರತಿಯಲ್ಲಿ ಅಕ್ಷರವ್ಯತ್ಯಾಸವಾದರೆ ಲಾಭವಾಗುವುದು ಯಾರಿಗೋ ಅವರನ್ನೇ ಅದರ ಕಾವಲಿಗೆ ನಿಯಮಿಸಿದಂತಾಯಿತು. ಇಂಥ ಹೊಣೆಯನ್ನು ಹೊತ್ತವರ ಕೈಯಲ್ಲಿ ವ್ಯತ್ಯಾಸವು ಕಂಡುಬಂದರೆ ಅದರ ಅಪವಾದವು ಅವರನ್ನಲ್ಲದೆ ಮತ್ತಾರನ್ನೂ ತಗಲದು.

ಈ ಶಾಸನದ ಉತ್ತರಭಾಗದಲ್ಲಿ ಮತ್ತೊಂದು ವಿಶೇಷವಿದೆ. ತಿರುಮಲೆಯ ತಾತಯ್ಯನು ರಾಜ್ಯದ ಜೈನರ ಮನೆಮನೆಗೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಬೆಳ್ಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನಿಯಮಿಸಿ, ಮಿಕ್ಕ ಹಣದಿಂದ ಜೀರ್ಣಜಿನಾಲಯಗಳಿಗೆ ಸುಣ್ಣಬಳಿಸತಕ್ಕುದೆಂದು ವಿಧಿಯಿದೆ. ಇದಲ್ಲದೆ ಅನುಬಂಧರೂಪದ ಮಾತುಗಳೂ ಇವೆ: ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನಹಮಾಡಿ, ತಾತಯ್ಯನನ್ನು ಬರಮಾಡಿಸಿ ಜೀರ್ಣೋದ್ಧಾರ ಮಾಡಿಸಿದನೆಂದೂ, ಉಭಯಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರೆಂದೂ ಅವು ತಿಳಿಸುತ್ತವೆ. ಇಂಥ ಅನುಬಂಧವು ಮೂಲದ ಮೇಲೆ ಸೇರುವುದಕ್ಕೆ ಮುಂಚೆ ಯಾರಾದರೂ ಪ್ರತಿಮಾಡಿಕೊಂಡಿದ್ದರೆ ಅವರ ಪ್ರತಿಯು ಸಮಗ್ರವಾಗಿ ತೋರಿದರೂ ಅಸಮಗ್ರವೇ ಸರಿ. ಅದರಲ್ಲಿ ಒಂದು ಅಕ್ಷರವೂ ತಪ್ಪಿರುವುದಿಲ್ಲ. ಆದರೂ ಅದನ್ನು ಓದಿದವನಿಗೆ ಬುಸುವಿಸೆಟ್ಟಿಯ ವಿಷಯವೇ ತಿಳಿಯದು. ತಪ್ಪಾದ ಪ್ರತಿ ಬೇರೆ, ಹಳತಾದ ಪ್ರತಿ ಬೇರೆ. ಮೊದಲನೆಯದನ್ನು ಜಾಣನು ಓದಿಯೇ ಸಂಶಯಿಸಬಹುದು. ಎರಡನೆಯದನ್ನು ಎಷ್ಟು ಜಾಣನೂ ಓದಿ ಮಾತ್ರ ತಿಳಿಯಲಾರನು.

ಪ್ರತಿಗೆ ಪ್ರಾಮಾಣ್ಯವನ್ನು ಕಾಲಕಾಲಕ್ಕೆ ಹೊಸದುಮಾಡುವ ಪದ್ಧತಿಯೂ ಬೆಳ್ಗೊಳದಲ್ಲಿಯೇ ಕಾಣುತ್ತದೆ. ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿಯಾದ ಹುಳ್ಳನು ಕ್ರಿ. ಶ. ೧೧೫೯ರಲ್ಲಿ ಕಟ್ಟಿಸಿದ ಬಸದಿಯೇ ಭಂಡಾರಿ ಬಸದಿ. ನರಸಿಂಹನು ಅದಕ್ಕೆ ಭವ್ಯಚೂಡಾಮಣಿಯೆಂದು ಹೆಸರಿಟ್ಟು ಸವಣೇರನ್ನು ದತ್ತಿಯಾಗಿ ಬಿಟ್ಟನು. ಅರಸನು ಬದಲಾದಾಗ ಇಮ್ಮಡಿ ಬಲ್ಲಾಳನಿಂದ ದತ್ತಿಯನ್ನು ಮತ್ತೆ ದೃಢಪಡಿಸಿಕೊಂಡುದನ್ನು ಶಾಸನಗಳಿಂದ ತಿಳಿಯುತ್ತೇವೆ. ಹಿಂದಿನ ಕಲ್ಲು ಅಳಿದಿರಲಿಲ್ಲ. ಅದರ ಮಾತು ಸುಳ್ಳಾಗಿರಲೂ ಇಲ್ಲ. ಆದರೂ ಆ ಮಾತಿನ ಬಲವು ಕೊಟ್ಟವನ ಆಳಿಕೆಗೆ ಸೇರಿದುದಾಗಿದ್ದು, ಆಳಿಕೆ ಮುಗಿದಾಗ ಮತ್ತೊಮ್ಮೆ ಕೇಳಿ ಪಡೆಯಬೇಕಾದ ವಸ್ತುವಾಗಿತ್ತು.

ಕರ್ಣಾಟಕದ ಹೊರಗಿನ ಒಂದು ಉದಾಹರಣೆಯೂ ಇಲ್ಲಿ ಉಪಯುಕ್ತ. ಕಾಮರೂಪದ ಭಾಸ್ಕರವರ್ಮನು ಏಳನೆಯ ಶತಮಾನದಲ್ಲಿ ಕೊಟ್ಟ ನಿಧನಪುರದ ತಾಮ್ರಪಟಗಳು ಅವನ ಪೂರ್ವಜ ಭೂತಿವರ್ಮನ ದತ್ತಿಯ ಮರುಬರೆಹ. ಮೊದಲಿನ ಪಟಗಳು ಬೆಂಕಿಯಲ್ಲಿ ಸುಟ್ಟುಹೋದವೆಂದೂ, ಹೊಸದಾಗಿ ಬರೆಯಿಸಿದುದರಿಂದ ಅಕ್ಷರಗಳು ಬೇರೆ ರೂಪದವಾಗಿವೆಯೆಂದೂ, ಅಷ್ಟರಿಂದ ಇವು ಕೂಟಶಾಸನವಲ್ಲವೆಂದೂ ಆ ಪಟಗಳಲ್ಲಿಯೇ ಹೇಳಿದೆ. ಪ್ರತಿಯು ತಾನು ಪ್ರತಿಯೆಂದು, ಯಾವಾಗ ಏಕೆ ಆಯಿತೆಂದು, ತನ್ನ ಮೇಲೆಯೇ ಬರೆದುಕೊಂಡಿರುವ ಇಂಥ ಪ್ರಾಮಾಣಿಕತೆ ದುರ್ಲಭ.

೩

ಹತ್ತೊಂಬತ್ತನೆಯ ಶತಮಾನದಲ್ಲಿ ಶಾಸನಗಳು ಕಲ್ಲಿನಿಂದ ಕಾಗದಕ್ಕೆ ಇಳಿದ ಕ್ರಮವನ್ನು ನೋಡಿದರೆ ಪ್ರತಿಯ ಪ್ರತಿಗಳ ಸಾಲೇ ಕಣ್ಣಿಗೆ ಕಟ್ಟುತ್ತದೆ. ಮೇಜರ್ ಡಿಕ್ಸನ್ನರು ೧೮೬೫ರಲ್ಲಿ ಮೈಸೂರು ಸೀಮೆಯ ಶಾಸನಗಳ ಛಾಯಾಚಿತ್ರಗಳನ್ನು ತೆಗೆದರು. ಬಿ. ಎಲ್. ರೈಸ್ ಮಹಾಶಯರು ಅವುಗಳನ್ನು ಮುಖ್ಯ ಆಧಾರವಾಗಿಟ್ಟುಕೊಂಡು ೧೮೭೯ರಲ್ಲಿ ಅನುವಾದಗಳನ್ನು ಪ್ರಕಟಿಸಿದರು. ಕಲ್ಲಿನಿಂದ ಚಿತ್ರ, ಚಿತ್ರದಿಂದ ಓದು, ಓದಿನಿಂದ ಇಂಗ್ಲಿಷ್ ಅನುವಾದ. ಅನುವಾದವನ್ನು ಆಧಾರವಾಗಿಟ್ಟುಕೊಂಡು ಇತಿಹಾಸ ಬರೆದವನು ಕಲ್ಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದನು. ರೈಸರು ಈ ದೂರವನ್ನು ಚೆನ್ನಾಗಿ ಅರಿತವರು. ಆದುದರಿಂದಲೇ ಅನಂತರ ಕಲ್ಲುಗಳಿಂದಲೇ ನೇರವಾಗಿ ಪಾಠಗಳನ್ನು ತೆಗೆಯಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳನ್ನು ಹೊರಡಿಸಿದರು. ಶ್ರವಣಬೆಳ್ಗೊಳದ ಸಂಪುಟವು ೧೮೮೯ರಲ್ಲಿ ೧೪೪ ಶಾಸನಗಳೊಡನೆ ಬಂದಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳನ್ನು ಒಳಕೊಂಡ ಹಾಸನ ಜಿಲ್ಲೆಯ ಶಾಸನಗಳು ೧೯೦೨ರಲ್ಲಿ ಐದನೆಯ ಸಂಪುಟವಾಗಿ ಬಂದುವು. ರೈಸರ ತರುವಾಯ ಆರ್. ನರಸಿಂಹಾಚಾರ್ಯರು ಬೆಳ್ಗೊಳವನ್ನು ಮತ್ತೆ ಶೋಧಿಸಿ ೧೯೨೩ರಲ್ಲಿ ೫೦೦ ಶಾಸನಗಳ ಪರಿಷ್ಕೃತ ಸಂಪುಟವನ್ನು ಹೊರತಂದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೨ರಿಂದ ಇಡೀ ಮಾಲೆಯ ಪರಿಷ್ಕರಣವನ್ನು ಕೈಕೊಂಡಿತು. ಅದರಲ್ಲಿ ೧೯೭೩ರ ಬೆಳ್ಗೊಳದ ಸಂಪುಟದ ಶಾಸನಸಂಖ್ಯೆ ೫೭೩.

ಪರಿಷ್ಕರಣದಿಂದ ವಿದ್ಯೆಗೆ ಆದ ಉಪಕಾರ ಅಪಾರ. ಆದರೆ ಅದರೊಡನೆ ಒಂದು ತೊಡಕೂ ಬಂದಿತು. ಬುಕ್ಕರಾಯನ ಮೇಲ್ಕಂಡ ಶಾಸನಕ್ಕೆ ರೈಸರ ಸಂಪುಟದಲ್ಲಿ ೧೩೬ನೆಯ ಸಂಖ್ಯೆ. ನರಸಿಂಹಾಚಾರ್ಯರ ಸಂಪುಟದಲ್ಲಿ ೩೪೪ನೆಯ ಸಂಖ್ಯೆ. ಮೂರನೆಯ ಬಾರಿಗೆ ಸಂಖ್ಯೆ ಮತ್ತೆ ಬದಲಾಯಿತು. ನರಸಿಂಹಾಚಾರ್ಯರು ಹೊಸ ಸಂಖ್ಯೆಯ ಪಕ್ಕದಲ್ಲಿ ಹಳೆಯ ಸಂಖ್ಯೆಯನ್ನು ಆವರಣದಲ್ಲಿ ಕೊಟ್ಟು ಉಪಕಾರಮಾಡಿದರು. ಆದರೂ ಹಳೆಯ ಗ್ರಂಥವೊಂದರಲ್ಲಿ ‘ಶ್ರವಣಬೆಳ್ಗೊಳ ೧೩೬’ ಎಂದು ಕಂಡ ವಿದ್ಯಾರ್ಥಿಯು ಹೊಸ ಸಂಪುಟವನ್ನು ತೆರೆದು ೧೩೬ನ್ನು ನೋಡಿದರೆ ಅವನಿಗೆ ಸಿಕ್ಕುವುದು ಬೇರೊಂದು ಶಾಸನ. ಸಂಪುಟಗಳ ಸಂಖ್ಯೆಯೂ ಹೀಗೆಯೇ. ಹಳೆಯ ಮಾಲೆಯಲ್ಲಿ ಐದನೆಯ ಸಂಪುಟವೆಂದರೆ ಹಾಸನ ಜಿಲ್ಲೆ. ೧೯೭೬ರ ಹೊಸ ಐದನೆಯ ಸಂಪುಟವಾದರೋ ಮೈಸೂರು ಜಿಲ್ಲೆಯ ತಾಲ್ಲೂಕುಗಳಿಗೆ ಸೇರಿದುದು. ಹಾಸನ ಜಿಲ್ಲೆಯ ಶಾಸನಗಳು ಹೊಸ ಮಾಲೆಯಲ್ಲಿ ಒಂದಕ್ಕಿಂತ ಹೆಚ್ಚು ಸಂಪುಟಗಳಲ್ಲಿ ಹರಡಿಕೊಂಡಿವೆ. ಯಾವ ಮಾಲೆಯೆಂಬುದನ್ನು ಹೇಳದೆ ಬರಿಯ ಸಂಪುಟದ ಅಂಕಿಯನ್ನು ಕೊಡುವ ಟಿಪ್ಪಣಿಯು ವಿಳಾಸದ ಆಕಾರವನ್ನು ಹೊಂದಿದ್ದರೂ ವಿಳಾಸವಲ್ಲ.

ಒಬ್ಬ ಗ್ರಂಥಕರ್ತನು ಮೂಲಸಂಪುಟವನ್ನು ನೋಡದೆ ಹಿಂದಿನ ಗ್ರಂಥಕರ್ತನ ಅಡಿಟಿಪ್ಪಣಿಯನ್ನೇ ಎತ್ತಿಕೊಂಡಾಗ ಈ ಕೇಡು ಇಮ್ಮಡಿಯಾಗುತ್ತದೆ. ನರಸಿಂಹಾಚಾರ್ಯರು ೧೯೨೩ರಲ್ಲಿ ತಿದ್ದಿದ ಪಾಠವು ೧೮೮೯ರ ಪಾಠವನ್ನು ಆಧರಿಸಿದ ಗ್ರಂಥಗಳಲ್ಲಿ ತಾನಾಗಿಯೇ ತಿದ್ದಿಕೊಳ್ಳುವುದಿಲ್ಲ. ಅಂಥ ಗ್ರಂಥವನ್ನು ಆಧರಿಸಿದ ಪಾಠಪುಸ್ತಕದಲ್ಲಿಯಂತೂ ತಿದ್ದುಪಡಿಯ ಸುದ್ದಿಯೇ ಇರುವುದಿಲ್ಲ. ಮಧ್ಯದ ಗ್ರಂಥವು ಎಷ್ಟು ಗೌರವಾನ್ವಿತವೋ ಅಷ್ಟರಮಟ್ಟಿಗೆ ಹಳೆಯ ಪಾಠದ ಆಯುಸ್ಸು ಬೆಳೆಯುತ್ತದೆ.

೪

ಇನ್ನು ಭೂಮಿಯ ಲೆಕ್ಕಗಳ ವಿಷಯ. ಮೈಸೂರು ಸಂಸ್ಥಾನದ ಹಳ್ಳಿಗಳಲ್ಲಿ ಶಾನುಭೋಗನ ಕಡತವೇ ಸಾಗುವಳಿ, ಕಂದಾಯ, ಬಾಕಿ ಇವುಗಳ ಮೂಲದಾಖಲೆಯಾಗಿತ್ತು. ತಾಲ್ಲೂಕಿಗೆ ಹೋಗುತ್ತಿದ್ದುದು ಅದರಿಂದ ಎತ್ತಿದ ಲೆಕ್ಕ. ಅಲ್ಲಿಂದ ಮೇಲಕ್ಕೆ ಹೋಗುತ್ತಿದ್ದುದು ಆ ಲೆಕ್ಕದ ಸಾರಾಂಶ. ೧೮೬೩ರಲ್ಲಿ ಮೋಜಣಿ ಮತ್ತು ಬಂದೋಬಸ್ತಿನ ಕೆಲಸ ಪ್ರಾರಂಭವಾದ ಮೇಲೆ ಪ್ರತಿ ತುಂಡು ಭೂಮಿಗೂ ಸರ್ವೆ ನಂಬರು ಬಂದಿತು. ೧೮೮೮ರ ಭೂಕಂದಾಯ ಸಂಹಿತೆಯು ದಾಖಲೆಗಳಿಗೆ ಕಾನೂನಿನ ಚೌಕಟ್ಟನ್ನು ಕೊಟ್ಟಿತು. ಆದರೆ ಬಿತ್ತುವವನು ಯಾರು, ಕೊಂಡವನು ಯಾರು, ಸತ್ತವನ ಮಕ್ಕಳು ಎಷ್ಟು ಮಂದಿ ಎಂಬುದು ಮೊದಲು ತಿಳಿಯುತ್ತಿದ್ದುದು ಹಳ್ಳಿಯಲ್ಲಿಯೇ. ಮೂಲವು ಕೆಳಗೆ, ಪ್ರತಿಯು ಮೇಲೆ. ಅಧಿಕಾರವು ಮೇಲೆ, ಅರಿವು ಕೆಳಗೆ. ಕಂದಾಯದ ಇತಿಹಾಸದ ಬಹುಪಾಲು ಜಗಳಗಳಿಗೆ ಈ ವೈಪರೀತ್ಯವೇ ಬೇರು.

೧೯೬೧ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯು ೧೯೬೩ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆಯನ್ನು ಕೊನೆಗಾಣಿಸಿತು. ಅವನ ಸ್ಥಾನಕ್ಕೆ ಸಂಬಳದ ಗ್ರಾಮಲೆಕ್ಕಿಗನು ಬಂದನು. ೧೯೬೪ರ ಭೂಕಂದಾಯ ಕಾಯಿದೆಯು ಹಕ್ಕು, ಗೇಣಿ, ಬೆಳೆಗಳ ಪಹಣಿಯನ್ನೂ, ಹಕ್ಕು ಬದಲಾದಾಗ ಆಗಬೇಕಾದ ಖಾತೆಬದಲಾವಣೆಯ ಕ್ರಮವನ್ನೂ ನಿರ್ದೇಶಿಸಿತು. ಭೂಮಿಯ ಕ್ರಯಪತ್ರ ನೋಂದಣಿಯಾಗುತ್ತಿದ್ದುದು ಒಂದು ಕಚೇರಿಯಲ್ಲಿ; ಪಹಣಿಯಲ್ಲಿ ಹೆಸರು ತಿದ್ದುತ್ತಿದ್ದುದು ಮತ್ತೊಂದು ಕಚೇರಿಯಲ್ಲಿ. ಎರಡರ ನಡುವಿನ ದಿನಗಳಲ್ಲಿ, ಕೆಲವೊಮ್ಮೆ ವರ್ಷಗಳಲ್ಲಿ, ಮಾರಿದವನ ಹೆಸರೇ ಪಹಣಿಯಲ್ಲಿ ನಿಂತಿರುತ್ತಿತ್ತು. ಆ ಪಹಣಿಯ ನಕಲನ್ನು ತೋರಿಸಿ ಅದೇ ಭೂಮಿಯನ್ನು ಎರಡನೆಯ ಬಾರಿ ಮಾರಲು, ಇಲ್ಲವೆ ಅದರ ಮೇಲೆ ಸಾಲ ಎತ್ತಲು, ಎಡೆಯಿತ್ತು. ನಕಲು ಸುಳ್ಳಲ್ಲ, ಮೊಹರು ಸರಿಯಾದುದೇ, ಹಳತಾಗಿತ್ತು, ಅಷ್ಟೆ. ಅಷ್ಟರಿಂದಲೇ ಕೊಂಡವನ ಮನೆ ಹಾಳಾಗಬಹುದಾಗಿತ್ತು.

ಹಾಸನ ಸೀಮೆಗೆ ವಿಶಿಷ್ಟವಾದ ಮತ್ತೊಂದು ಸಂಗತಿಯನ್ನೂ ಇಲ್ಲಿ ನೆನೆಯಬಹುದು. ಹಾಸನ ತಾಲ್ಲೂಕಿನ ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ೧೯೭೯ರಲ್ಲಿ ಮುಗಿಯಿತು. ಹಿನ್ನೀರಿನಲ್ಲಿ ಹೊಲಗದ್ದೆಗಳೂ ಊರುಗಳೂ ಮುಳುಗಿದುವು. ನೆಲೆತಪ್ಪಿದವರಿಗೆ ಬೇರೆಡೆ ಭೂಮಿ ಕೊಡಬೇಕಾಯಿತು. ಮುಳುಗಿದ ಸರ್ವೆ ನಂಬರಿನ ಹಳೆಯ ಪಹಣಿಯ ನಕಲು ಯಾವುದಾದರೂ ಪೆಟ್ಟಿಗೆಯಲ್ಲಿ ಉಳಿದಿದ್ದರೆ ಅದರಲ್ಲಿ ಎಕರೆಗುಂಟೆಗಳು, ಬೆಳೆಯ ಹೆಸರು, ಕಂದಾಯದ ಮೊಬಲಗು ಎಲ್ಲವೂ ಸರಿಯಾಗಿಯೇ ಇರುತ್ತವೆ. ಆ ಕಾಗದಕ್ಕೆ ನೀರಿನ ಸುದ್ದಿ ಮಾತ್ರ ಮುಟ್ಟಿರುವುದಿಲ್ಲ.

೫

ಇದೇ ತೊಡಕು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಣಕಯಂತ್ರಗಳ ಲೋಕದಲ್ಲಿ ತಲೆದೋರಿತು. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ೧೯೮೪ರಲ್ಲಿ ಜಾಲ ಕಡತ ವ್ಯವಸ್ಥೆಯೊಂದನ್ನು ರೂಪಿಸಿತು. ಕಡತಗಳು ಒಂದು ಯಂತ್ರದಲ್ಲಿರುತ್ತವೆ. ಅದಕ್ಕೆ ಸರ್ವರೆಂದು ಹೆಸರು. ಜಾಲದಲ್ಲಿ ಸೇರಿದ ಬೇರೆ ಯಂತ್ರಗಳು ಆ ಕಡತಗಳನ್ನು ತಮ್ಮಲ್ಲಿಯೇ ಇರುವುವೆಂಬಂತೆ ಓದಬಹುದು, ಬರೆಯಬಹುದು. ಪ್ರತಿ ಓದಿಗೂ ಸರ್ವರನ್ನು ಕೇಳುತ್ತಿದ್ದರೆ ಕೆಲಸ ಸಾಗದು. ಆದಕಾರಣ ಪ್ರತಿಯೊಂದು ಯಂತ್ರವೂ ಇತ್ತೀಚೆಗೆ ಓದಿದ ಭಾಗಗಳ ನಕಲನ್ನು ತನ್ನ ಬಳಿ ಇಟ್ಟುಕೊಳ್ಳುತ್ತದೆ. ಈ ನಕಲಿನ ಉಗ್ರಾಣಕ್ಕೆ ಕ್ಯಾಷ್ ಎನ್ನುತ್ತಾರೆ. ನಕಲು ಮೂಲದೊಡನೆ ಹೊಂದಿಕೊಂಡಿರುವಂತೆ ಮಾಡುವುದೇ ಕ್ಯಾಷಿನ ಸಾಮಂಜಸ್ಯದ ಸಮಸ್ಯೆ.

ಇದಕ್ಕೆ ಮೂರು ಬಗೆಯ ಪರಿಹಾರಗಳು ಹುಟ್ಟಿಕೊಂಡವು. ಮೊದಲನೆಯದು, ಓದುವವನೇ ಕೇಳುವುದು. ಸನ್ ಸಂಸ್ಥೆಯ ಸರ್ವರು ಯಾರು ಯಾವ ನಕಲನ್ನು ಒಯ್ದರೆಂಬ ನೆನಪನ್ನೇ ಇಟ್ಟುಕೊಳ್ಳುತ್ತಿರಲಿಲ್ಲ. ಆದುದರಿಂದ ನಕಲುಳ್ಳ ಯಂತ್ರವು ಕಡತವನ್ನು ತೆರೆಯುವಾಗ ಮೂಲವು ತಿದ್ದಲ್ಪಟ್ಟ ಕಾಲವನ್ನು ವಿಚಾರಿಸುತ್ತದೆ. ಮುಚ್ಚುವಾಗ ತನ್ನ ಬದಲಾವಣೆಗಳನ್ನು ಮೂಲಕ್ಕೆ ಒಪ್ಪಿಸುತ್ತದೆ. ನಡುವೆ ಕೆಲವು ಕ್ಷಣಗಳವರೆಗೆ ಕೇಳದೆಯೇ ನಂಬುತ್ತದೆ. ಲೈನಕ್ಸ್ ವ್ಯವಸ್ಥೆಯಲ್ಲಿ ಕಡತಗಳ ವಿಷಯದಲ್ಲಿ ಈ ನಂಬಿಕೆಯ ಅವಧಿಯು ಸಾಮಾನ್ಯವಾಗಿ ೩ ಸೆಕೆಂಡಿನಿಂದ ೬೦ ಸೆಕೆಂಡಿನವರೆಗೆ ಇರುತ್ತದೆ. ಎರಡನೆಯದು, ಮೂಲವೇ ತಿಳಿಸುವುದು. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ೧೯೮೦ರ ದಶಕದಲ್ಲಿ ಬೆಳೆದ ಆಂಡ್ರ್ಯೂ ಕಡತ ವ್ಯವಸ್ಥೆಯಲ್ಲಿ ಸರ್ವರು ನಕಲು ಒಯ್ದವರ ಪಟ್ಟಿಯನ್ನು ಇಟ್ಟುಕೊಂಡು, ಮೂಲವು ಬದಲಾದಾಗ ಅವರಿಗೆ ಸುದ್ದಿ ಕಳುಹಿಸುತ್ತಿತ್ತು. ಮೂರನೆಯದು, ಗಡುವು ಹಾಕಿ ಕೊಡುವುದು. ಗ್ರೇ ಮತ್ತು ಚೆರಿಟನ್ ಎಂಬ ವಿದ್ವಾಂಸರು ೧೯೮೯ರಲ್ಲಿ ನಿರೂಪಿಸಿದ ಈ ಗುತ್ತಿಗೆಯ ಕ್ರಮದಲ್ಲಿ ನಕಲು ಇಂತಿಷ್ಟು ಕಾಲ ಮಾತ್ರ ಪ್ರಮಾಣ. ಗಡುವು ಮುಗಿದಮೇಲೆ ಮತ್ತೆ ಕೇಳಿ ಪಡೆಯಬೇಕು. ಇಮ್ಮಡಿ ಬಲ್ಲಾಳನಿಂದ ದತ್ತಿಯನ್ನು ದೃಢಪಡಿಸಿಕೊಂಡವರ ವಿವೇಕವೂ ಈ ಮೂರನೆಯ ಜಾತಿಯದೇ.

ಇಷ್ಟು ಒಬ್ಬ ಮೂಲದವನೂ ಒಬ್ಬ ನಕಲಿನವನೂ ಇರುವಾಗಿನ ಮಾತು. ನಕಲಿನವನೇ ಮತ್ತೊಬ್ಬರಿಗೆ ಸರ್ವರಾಗಿ ನಿಂತರೆ ಸ್ಥಿತಿಯು ಬೇರೆಯಾಗುತ್ತದೆ. ದೂರದ ಸರ್ವರಿನಿಂದ ಕಡತಗಳನ್ನು ಪಡೆದ ಯಂತ್ರವು ಅವುಗಳನ್ನೇ ತನ್ನ ನೆರೆಯ ಯಂತ್ರಗಳಿಗೆ ಹಂಚುವುದಕ್ಕೆ ಮರುಹಂಚಿಕೆಯೆನ್ನಬಹುದು. ದೂರದ ದಾರಿಯ ಖರ್ಚನ್ನು ಉಳಿಸಲು ಇದು ಬಹಳ ಅನುಕೂಲ. ಆದರೆ ಇಲ್ಲಿ ಮೂರು ದೋಷಗಳು ತೋರುತ್ತವೆ. ನೆರೆಯವನು ‘ಮೂಲ ಬದಲಾಗಿದೆಯೆ?’ ಎಂದು ಕೇಳಿದಾಗ ಮಧ್ಯವರ್ತಿಯು ಮೂಲವನ್ನು ಕೇಳದೆ ತನ್ನ ನಕಲನ್ನೇ ನೋಡಿ ‘ಇಲ್ಲ’ ಎನ್ನಬಹುದು. ಆಗ ಇಬ್ಬರ ನಂಬಿಕೆಯ ಅವಧಿಗಳೂ ಕೂಡಿಕೊಳ್ಳುತ್ತವೆ. ಒಬ್ಬೊಬ್ಬನದು ೬೦ ಸೆಕೆಂಡಾದರೆ ಕೊನೆಯವನು ೧೨೦ ಸೆಕೆಂಡು ಹಳೆಯ ಮಾತನ್ನು ಹೊಸದೆಂದು ನಂಬಿರಬಹುದು. ಎರಡನೆಯದಾಗಿ, ಪ್ರತಿಯೊಂದು ಕಡತಕ್ಕೂ ಇರುವ ಗುರುತಿನ ಹಿಡಿಕೆಯು ಮಧ್ಯವರ್ತಿಯ ಕೈಯಲ್ಲಿ ಉದ್ದವಾಗುತ್ತದೆ. ಮೂಲದ ಹಿಡಿಕೆಗೆ ಅವನು ತನ್ನದೊಂದು ಗುರುತನ್ನು, ಲೈನಕ್ಸಿನಲ್ಲಿ ೨೨ ಬೈಟುಗಳಷ್ಟು, ಸೇರಿಸುತ್ತಾನೆ. ಸನ್ ವ್ಯವಸ್ಥೆಯ ಮೂರನೆಯ ಆವೃತ್ತಿಯಲ್ಲಿ ಹಿಡಿಕೆಗೆ ೬೪ ಬೈಟುಗಳ ಮಿತಿ, ನಾಲ್ಕನೆಯದರಲ್ಲಿ ೧೨೮. ಮೂಲದ ಹಿಡಿಕೆ ಮೊದಲೇ ಉದ್ದವಾಗಿದ್ದರೆ, ಅಥವಾ ಮಧ್ಯವರ್ತಿಗಳ ಸಾಲು ಬೆಳೆದರೆ, ಗುರುತು ಮಿತಿಯನ್ನು ಮೀರಿ ಮರುಹಂಚಿಕೆಯೇ ನಿಂತುಹೋಗುತ್ತದೆ. ಮೂರನೆಯದಾಗಿ, ಮಧ್ಯವರ್ತಿಯು ಕೆಟ್ಟು ಮತ್ತೆ ಎದ್ದಾಗ, ಅವನ ಮೂಲಕ ಕಡತಗಳಿಗೆ ಬೀಗ ಹಾಕಿಕೊಂಡವರ ಹಕ್ಕನ್ನು ಮೂಲದವನು ಅರಿಯನು. ಹಕ್ಕುಳ್ಳವರು ಮರಳಿ ಕೇಳುವ ಮುನ್ನ ಮತ್ತೊಬ್ಬರು ಬಂದು ಅದೇ ಕಡತವನ್ನು ಹಿಡಿಯಬಹುದು.

ಶಾಸನಾಭ್ಯಾಸಿಗಳಿಗೆ ಈ ದೋಷಗಳು ಅಪರಿಚಿತವಲ್ಲ. ಮೂಲಸಂಪುಟವನ್ನು ನೋಡದೆ ತನ್ನ ಹಳೆಯ ಓದನ್ನೇ ಪ್ರಮಾಣವಾಗಿ ಕೊಡುವ ಗ್ರಂಥವು ಮೊದಲನೆಯ ದೋಷದ ಮಧ್ಯವರ್ತಿ. ಹಳೆಯ ಸಂಖ್ಯೆ, ಹೊಸ ಸಂಖ್ಯೆ, ಉಲ್ಲೇಖಿಸಿದವನ ಪುಟ, ಅವನನ್ನು ಉಲ್ಲೇಖಿಸಿದವನ ಪುಟ ಎಂದು ಬೆಳೆಯುವ ಅಡಿಟಿಪ್ಪಣಿಯು ಎರಡನೆಯ ದೋಷದ ಉದ್ದವಾದ ಹಿಡಿಕೆ. ಗಣಕಶಾಸ್ತ್ರದಲ್ಲಿ ಹಿಡಿಕೆಯು ಅಳಿದುಹೋದ ವಸ್ತುವನ್ನು ತೋರಿದಾಗ ಸರ್ವರು ‘ಹಿಡಿಕೆ ಹಳಸಿದೆ’ ಎಂದು ಉತ್ತರಕೊಡುತ್ತದೆ. ಪುಸ್ತಕಕ್ಕೆ ಈ ಬಾಯಿಯಿಲ್ಲ. ‘ಶ್ರವಣಬೆಳ್ಗೊಳ ೧೩೬’ ಎಂದು ಕೇಳಿದವನಿಗೆ ಹೊಸ ಸಂಪುಟವು ಮೌನವಾಗಿ ಬೇರೊಂದು ಶಾಸನವನ್ನು ಒಪ್ಪಿಸಿಬಿಡುತ್ತದೆ. ಉತ್ತರವಿಲ್ಲವೆನ್ನುವುದಕ್ಕಿಂತ ಸಲ್ಲದ ಉತ್ತರವನ್ನು ಕೊಡುವುದು ಹೆಚ್ಚು ಅಪಾಯಕರ.

೬

ಶಾನುಭೋಗನ ಕಡತವೂ ಗಣಕಯಂತ್ರದ ಕಡತವೂ ಒಂದಾದುದು ಕರ್ಣಾಟಕ ಸರ್ಕಾರದ ‘ಭೂಮಿ’ ಯೋಜನೆಯಲ್ಲಿ. ೨೦೦೦ದ ಆಸುಪಾಸಿನಲ್ಲಿ ರಾಜ್ಯದ ಅಂದಿನ ೧೭೭ ತಾಲ್ಲೂಕುಗಳ ಸುಮಾರು ೨ ಕೋಟಿ ಪಹಣಿ ದಾಖಲೆಗಳು, ಸುಮಾರು ೬೭ ಲಕ್ಷ ಭೂಹಿಡುವಳಿದಾರರಿಗೆ ಸೇರಿದುವು, ಗಣಕಯಂತ್ರಕ್ಕೆ ಏರಿದುವು. ಹಾಸನ ಜಿಲ್ಲೆಯ ತಾಲ್ಲೂಕುಗಳೂ ಇದರಲ್ಲಿ ಸೇರಿದ್ದುವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ೧೫ ರೂಪಾಯಿ ಕೊಟ್ಟು ರೈತನು ಪಹಣಿಯ ಅಚ್ಚುಪ್ರತಿಯನ್ನು ಪಡೆಯುವಂತಾಯಿತು.

ಈ ಯೋಜನೆಯ ಚರಿತ್ರೆಯಲ್ಲಿ ಯಂತ್ರಕ್ಕಿಂತ ಮುಖ್ಯವಾದುದು ಒಂದು ನಿಷೇಧ. ಯಾವ ತಾಲ್ಲೂಕಿನಲ್ಲಿ ಗಣಕೀಕರಣ ಮುಗಿಯಿತೋ ಅಲ್ಲಿ ಕೈಬರೆಹದ ಪಹಣಿಯು ಅಸಿಂಧುವೆಂದು ಸರ್ಕಾರವು ಸಾರಿತು. ಹೊಸ ಪ್ರತಿಯನ್ನು ಸೃಷ್ಟಿಸಿದಷ್ಟೇ ಎಚ್ಚರದಿಂದ ಹಳೆಯ ಪ್ರತಿಯನ್ನು ರದ್ದುಮಾಡದಿದ್ದರೆ ಎರಡು ಮೂಲಗಳು ಹುಟ್ಟಿಕೊಳ್ಳುತ್ತಿದ್ದುವು; ಎರಡು ಮೂಲಗಳೆಂದರೆ ಒಂದೂ ಮೂಲವಿಲ್ಲವೆಂದೇ ಅರ್ಥ. ಇದರ ಜೊತೆಗೆ ಖಾತೆಬದಲಾವಣೆಯು ಗಣಕಯಂತ್ರದಲ್ಲಿಯೇ ನಡೆಯತಕ್ಕುದೆಂದು ಗೊತ್ತುಮಾಡಿದುದರಿಂದ, ತಿದ್ದುವ ಸ್ಥಳವೂ ಓದುವ ಸ್ಥಳವೂ ಒಂದೇ ಆದುವು. ಮೊದಮೊದಲು ಒಂದೊಂದು ತಾಲ್ಲೂಕಿಗೂ ಒಂದೊಂದು ಸರ್ವರಿತ್ತು. ಅನಂತರ ದಾಖಲೆಗಳು ರಾಜ್ಯದ ದತ್ತಾಂಶಕೇಂದ್ರದಲ್ಲಿ ಒಟ್ಟುಗೂಡಿದುವು. ನೋಂದಣಿ ಇಲಾಖೆಯ ‘ಕಾವೇರಿ’ ವ್ಯವಸ್ಥೆಯೊಡನೆ ಭೂಮಿಯ ದಾಖಲೆಗಳನ್ನು ಜೋಡಿಸಿದುದರಿಂದ, ಕ್ರಯಪತ್ರವಾಗುವ ಹೊತ್ತಿಗೆ ಮಾರುವವನ ಹೆಸರನ್ನು ಮೂಲದಲ್ಲಿಯೇ ನೋಡುವುದೂ, ಕ್ರಯವಾದ ಸುದ್ದಿಯನ್ನು ಕಂದಾಯ ಕಚೇರಿಗೆ ಕಳುಹಿಸುವುದೂ ಸಾಧ್ಯವಾಯಿತು. ಮೊದಲನೆಯದು ಓದುವವನೇ ಕೇಳುವ ಕ್ರಮ. ಎರಡನೆಯದು ಬದಲಾವಣೆಯಾದೆಡೆಯಿಂದ ಸುದ್ದಿ ಕಳುಹಿಸುವ ಕ್ರಮ. ಎರಡೂ ಕೂಡಿದಲ್ಲಿ ಮಾತ್ರ ಬೇರೆ ಬೇರೆ ಕಚೇರಿಗಳ ನಡುವಿನ ಅಂತರ ಕಿರಿದಾಗುತ್ತದೆ.

ಆದರೂ ತೊಡಕು ನಿರ್ಮೂಲವಾಯಿತೆಂದು ಹೇಳಲಾಗದು. ಕೈಬರೆಹದಲ್ಲಿದ್ದ ದೋಷಗಳು ಯಂತ್ರಕ್ಕೆ ಏರುವಾಗ ದೋಷವಾಗಿಯೇ ಏರಿದುವು. ಯಂತ್ರವು ತನ್ನಲ್ಲಿರುವುದನ್ನು ಎಲ್ಲರಿಗೂ ಒಂದೇ ಸಮನಾಗಿ ತೋರಿಸಬಲ್ಲದು. ತನ್ನಲ್ಲಿರುವುದು ಹೊಲದಲ್ಲಿರುವುದಕ್ಕೆ ಹೊಂದಿದೆಯೆ ಎಂಬುದನ್ನು ಅದು ಅರಿಯದು. ತಂದೆ ಸತ್ತು ಮಕ್ಕಳು ಬಾಯಿಮಾತಿನಲ್ಲಿ ಭಾಗಮಾಡಿಕೊಂಡು ಸಾಗುವಳಿ ಮಾಡುತ್ತಿರುವ ಮನೆಗಳಲ್ಲಿ ಪಹಣಿಯು ಇನ್ನೂ ಸತ್ತವನ ಹೆಸರಿನಲ್ಲಿಯೇ ಇರುವುದುಂಟು. ಅಲ್ಲಿ ಸರ್ವರೂ ಒಂದು ನಕಲೇ, ಮೂಲವು ಹೊಲ.

೭

ಈ ಪರ್ಯಾಲೋಚನೆಯಿಂದ ಕೆಲವು ಸಿದ್ಧಾಂತಗಳು ಒದಗುತ್ತವೆ. ಪ್ರತಿಯು ತಾನು ಎಲ್ಲಿಂದ, ಯಾವಾಗ ಆದುದೆಂಬುದನ್ನು ತನ್ನ ಮೇಲೆ ಹೊತ್ತಿರಬೇಕು. ನಿಧನಪುರದ ಪಟಗಳು ಇದನ್ನು ಏಳನೆಯ ಶತಮಾನದಲ್ಲಿಯೇ ಮಾಡಿ ತೋರಿಸಿವೆ. ಹೊಸ ಪಾಠವು ಬಂದಾಗ ಹಳೆಯ ಪಾಠವು ಹಳತಾಯಿತೆಂದು ಸಾರುವ ಹೊಣೆ ಹೊಸದನ್ನು ತಂದವರದು. ನರಸಿಂಹಾಚಾರ್ಯರ ಜೋಡಿಸಂಖ್ಯೆಯೂ, ಕೈಬರೆಹದ ಪಹಣಿಯ ನಿಷೇಧವೂ ಈ ಹೊಣೆಯ ಎರಡು ರೂಪಗಳು. ಮಧ್ಯವರ್ತಿಯು ಮೂಲವನ್ನು ಕೇಳದೆ ಮೂಲದ ಧ್ವನಿಯಲ್ಲಿ ಉತ್ತರಕೊಡಬಾರದು. ಕೊಡಬೇಕಾಗಿ ಬಂದರೆ ತಾನು ಕೇಳಿದ ದಿನವನ್ನು ಹೇಳಬೇಕು. ಇವುಗಳಲ್ಲಿ ಕೊನೆಯದು ಉಪಾಧ್ಯಾಯರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಬೆಳ್ಗೊಳದ ಕಲ್ಲೂ, ೧೯೨೩ರ ಸಂಪುಟವೂ ಕೈಗೆಟುಕುವುದಿಲ್ಲ. ಅವರ ಪಾಲಿಗೆ ಮೂಲವೆಂದರೆ ತರಗತಿಯಲ್ಲಿ ಕೇಳಿದ ಮಾತೇ. ಅವರಿಗೆ ಮರುಹಂಚಿಕೆ ಮಾಡುತ್ತಿರುವವರು ಉಪಾಧ್ಯಾಯರೇ ಆಗಿದ್ದಾರೆ.

ಮೂಲವೇ ಕಣ್ಮರೆಯಾದ ಮೇಲೆ ಪ್ರತಿಯೇ ಮೂಲವಾಗುವ ಸಂದರ್ಭವೊಂದುಂಟು; ಅಲ್ಲಿ ಸಾಮಂಜಸ್ಯದ ಪ್ರಶ್ನೆಯೇ ಮುಗಿದುಹೋಗುತ್ತದೆ, ಏಕೆಂದರೆ ಒರೆಹಚ್ಚಲು ಕಲ್ಲು ಉಳಿದಿರುವುದಿಲ್ಲ. ಮಳೆಬಿಸಿಲಿಗೆ ಸವೆಯುತ್ತಲೂ, ಕಟ್ಟಡಗಳ ಅಡಿಗಲ್ಲುಗಳಾಗುತ್ತಲೂ ಇರುವ ಶಾಸನಗಳ ವಿಷಯದಲ್ಲಿ ಇದು ದಿನದಿನದ ಅಪಾಯ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಇತ್ತೀಚಿನ ವರ್ಷಗಳಲ್ಲಿ ಆ ನಗರದ ಸುತ್ತಣ ಶಾಸನಗಳನ್ನು ಮೂರು ಆಯಾಮಗಳಲ್ಲಿ ಯಂತ್ರದಿಂದ ಚಿತ್ರಿಸಿ ಇಡುತ್ತಿರುವುದು ಈ ದೃಷ್ಟಿಯಿಂದ ಸ್ತುತ್ಯವಾದ ಕಾರ್ಯ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಪ್ರತಿಯೊಂದು ಕಲ್ಲಿಗೂ, ಅದು ಈಗ ನಿಂತಿರುವ ಸ್ಥಳ, ೧೯೦೨ರ ಸಂಖ್ಯೆ, ಪರಿಷ್ಕೃತ ಸಂಖ್ಯೆ, ಪಾಠಭೇದಗಳು, ಕೊನೆಯ ಬಾರಿ ಕಲ್ಲನ್ನು ಕಣ್ಣಾರೆ ನೋಡಿದ ವರ್ಷ ಇಷ್ಟನ್ನು ಒಂದೆಡೆ ಬರೆದಿಟ್ಟ ಪಟ್ಟಿಯೊಂದು ಸಿದ್ಧವಾದರೆ, ಮುಂದಿನವರು ಯಾವ ಪ್ರತಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ತಾವೇ ನಿಶ್ಚಯಿಸಿಕೊಳ್ಳಬಲ್ಲರು. ಕಲ್ಲುಗಳು ಇನ್ನೂ ನಿಂತಿರುವಾಗಲೇ ಆಗಬೇಕಾದ ಕೆಲಸವಿದು.